ದೂರದ ದ್ವೀಪ, ಹತ್ತಿರದ ಕುದ್ರು

ಪಾಂಡೇಸರಾದ ವಾಚಕ ಸೋದರಿಯೊಬ್ಬರು ನಮಗೆ ಒಂದು ಪ್ರಶ್ನೆ ಬರೆದು ಕಳುಹಿಸಿದ್ದಾರೆ. ಅವರ ಕಿರಿಯ ಮಗ ಕಾಲೇಜಿನಲ್ಲಿ ಓದುತ್ತಿರುವವನು. ಸ್ನೇಹಿತನ ಮನೆಯವರು ಮೆಡಿಟರೇನಿಯನ್ ಸಮುದ್ರದ ಸಣ್ಣ ದ್ವೀಪಗಳಿಗೆ ಹೋಗಿ ಬಂದ ಚಿತ್ರಗಳನ್ನು ಮೊಬೈಲಿನಲ್ಲಿ ಕಂಡು, "ನಾವೂ ಒಮ್ಮೆ ಹೋಗೋಣ, ನೀರೊಳಗೆ ಇಳಿದು ಮೀನು ನೋಡೋಣ, ಅಲ್ಲಿಯ ಊಟ ಉಣ್ಣೋಣ" ಎಂದು ಹಟ ಹಿಡಿದಿದ್ದಾನಂತೆ. ತಾಯಿಗೆ ಖರ್ಚಿನದೊಂದು ಚಿಂತೆ, ನೀರಿನದು ಇನ್ನೊಂದು. "ದುಡ್ಡು ಹೇಗಾದರೂ ಹೊಂದಿಸಬಹುದು, ಸಮುದ್ರಕ್ಕೆ ಇಳಿಸಲು ಮಾತ್ರ ನನಗೆ ಧೈರ್ಯವಿಲ್ಲ. ನೀವಾದರೂ ಅವನಿಗೆ ಬುದ್ಧಿ ಹೇಳಿ" ಎಂದು ಕೇಳಿಕೊಂಡಿದ್ದಾರೆ. ಬುದ್ಧಿ ಹೇಳುವುದು ನಮಗೆ ಬಹಳ ಪ್ರಿಯವಾದ ಕೆಲಸ. ಆದರೆ ಈ ಸಲ ತಾಯಿಯ ಕ್ಷಮೆ ಕೇಳಿ ಅರ್ಧ ಬುದ್ಧಿಯನ್ನು ಮಗನಿಗೂ, ಇನ್ನರ್ಧವನ್ನು ನಮ್ಮ ಹಿರಿಯರೆಲ್ಲರಿಗೂ ಹಂಚಬೇಕೆಂದು ತೋರುತ್ತದೆ.

ಮೊದಲು ಆ ದೂರದ ದ್ವೀಪಗಳ ಮಾತು. ಹುಡುಗನ ಆಸೆ ಅನುಚಿತವಲ್ಲ. ಇಟಲಿಯ ಸಿಸಿಲಿಯ ಉತ್ತರಕ್ಕೆ ಉಸ್ತಿಕಾ ಎಂಬ ಪುಟ್ಟ ದ್ವೀಪವಿದೆ. ಜ್ವಾಲಾಮುಖಿಯಿಂದ ಆದದ್ದು, ವಿಸ್ತೀರ್ಣ ಎಂಟು ಚದರ ಕಿಲೋಮೀಟರಿನಷ್ಟು. 1986ರಲ್ಲಿ ಅದರ ಸುತ್ತಣ ಕಡಲನ್ನು ರಕ್ಷಿತ ಪ್ರದೇಶವೆಂದು ಸಾರಿದರು. ಅಲ್ಲಿಗೆ ಹೋದವರು ನೀರಿನಲ್ಲಿ ಮುಳುಗಿ ಎದ್ದು, ಬಂಡೆಯ ಮೇಲೆ ಬಿಸಿಲು ಕಾಯಿಸಿ, ಆ ಕರಿನೆಲದಲ್ಲೇ ಬೆಳೆದ ಸಣ್ಣ ಕಾಳಿನ ಮಸೂರದ ಸಾರು ಕುಡಿದು ಬರುತ್ತಾರೆ. ಮಸೂರವೆಂದರೆ ನಮ್ಮ ಚೆನ್ನಂಗಿಯೇ. ಅದನ್ನು ಉಣ್ಣಲು ಅಷ್ಟು ದೂರ ಹೋಗಬೇಕೆ ಎಂದು ನಮ್ಮ ಗೃಹಿಣಿಯರು ಕೇಳಬಹುದು. ಸ್ಪೇನಿನ ಮೇಡೆಸ್ ದ್ವೀಪಗಳ ಸುತ್ತ 1983ರಲ್ಲಿಯೇ ಮೀನುಗಾರಿಕೆಯನ್ನು ನಿಲ್ಲಿಸಿದರು; ಈಗ ಅಲ್ಲಿಯ ದೊಡ್ಡ ಮೀನುಗಳನ್ನು ನೋಡಲೆಂದೇ ಜನ ಬರುತ್ತಾರೆ. ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ ಕಡಲಂಚಿಗೆ ಒಂದು ಕಲ್ಲಿನ ಮಹಾದ್ವಾರವಿತ್ತು. 2017ರ ಮಾರ್ಚ್ 8ರ ಬಿರುಗಾಳಿಗೆ ಅದು ಕುಸಿದುಬಿತ್ತು. ಈಗ ಮುಳುಗುವವರು ಅದರ ಅವಶೇಷವನ್ನು ನೀರಿನೊಳಗೆ ಹೋಗಿ ನೋಡುತ್ತಾರೆ.

ಆ ಸಮುದ್ರದ ನೀರು ಗಾಜಿನಂತಿರಲು ಕಾರಣಗಳುಂಟು. ಅಲ್ಲಿ ಭರತ ಇಳಿತಗಳು ಬಹಳ ಅಲ್ಪ, ಆದ್ದರಿಂದ ತಳದ ಕೆಸರು ಕದಡುವುದಿಲ್ಲ. ನೀರಿನಲ್ಲಿ ಪೋಷಕ ಲವಣಗಳು ಕಡಮೆ, ಆದ್ದರಿಂದ ಹಸಿರು ಪಾಚಿಯ ಸೂಕ್ಷ್ಮಜೀವಿಗಳೂ ಕಡಮೆ. ಎಂದರೆ, ಬಡವಾದ ನೀರು ತಿಳಿಯಾದ ನೀರು. ನಮ್ಮ ಸೂರತ್ತಿನ ಸ್ಥಿತಿ ಇದಕ್ಕೆ ತೀರ ವಿರುದ್ಧ. ಖಂಭಾತದ ಕೊಲ್ಲಿಯ ಒಳಭಾಗದಲ್ಲಿ ದೊಡ್ಡ ಭರತದ ದಿನ ನೀರು ಹತ್ತು ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ಮೂರಂತಸ್ತಿನ ಮನೆಯೆತ್ತರದ ನೀರು ದಿನಕ್ಕೆ ಎರಡು ಬಾರಿ ಬಂದು ಹೋಗುವಾಗ, ತಾಪಿ ನರ್ಮದೆಗಳು ತಂದ ಮಣ್ಣು ಕೆಳಗೆ ಕೂರಲು ಪುರಸೊತ್ತೆಲ್ಲಿ? ಪಾಂಡೇಸರಾ, ಉಧನಾ, ಸಚಿನ್ ಕಡೆ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕಂಡ ಸಮುದ್ರವೆಂದರೆ ಡುಮಸ್. ಕಪ್ಪು ಮರಳು, ಕಂದು ನೀರು, ಟೊಮೇಟೊ ಭಜಿಯಾ, ಒಂಟೆಯ ಸವಾರಿ. ಸಮುದ್ರದ ಬಣ್ಣ ಬರೆಯೆಂದರೆ ಅವರು ಮಣ್ಣಿನ ಬಣ್ಣದ ಪೆನ್ಸಿಲು ಎತ್ತಿಕೊಂಡರೆ ಅದು ಅವರ ತಪ್ಪಲ್ಲ.

ಇಂಥ ಮಕ್ಕಳಿಗೆ ತಿಳಿನೀರನ್ನು ತೋರಿಸಲು ಯುರೋಪಿಗೇ ಹೋಗಬೇಕೆ? ಅನುಕೂಲವಿದ್ದವರು ಹೋಗಿಬರಲಿ, ಸಂತೋಷ. ಉಳಿದವರು ಕೊಂಚ ಹತ್ತಿರ ಕಣ್ಣು ಹಾಯಿಸಬಹುದು. ನೀರಿನ ನಡುವಣ ನೆಲಕ್ಕೆ ನಮ್ಮಲ್ಲೇ ಎಷ್ಟು ಹೆಸರು ನೋಡಿ: ಘಟ್ಟದ ಮೇಲೆ ನಡುಗಡ್ಡೆ, ಉತ್ತರ ಕನ್ನಡದಲ್ಲಿ ಕುರ್ವೆ, ಉಡುಪಿ ಮಂಗಳೂರು ಕಡೆ ಕುದ್ರು, ನಾವು ಬಾಳುತ್ತಿರುವ ಈ ಗುಜರಾತಿನಲ್ಲಿ ಬೇಟ್. ಹೆಸರಿದ್ದ ಮೇಲೆ ವಸ್ತುವೂ ಇರಲೇಬೇಕಷ್ಟೆ.

ಗುಜರಾತಿನ ಕಡೆಯಿಂದಲೇ ಆರಂಭಿಸೋಣ. ದೀವ್ ಎಂದ ಕೂಡಲೆ ಇಲ್ಲಿ ಕೇಳಿದವರ ಮುಖದಲ್ಲಿ ಒಂದು ಕಿರುನಗೆ ಮೂಡುವುದುಂಟು. ಆ ನಗೆಗೆ ಕಾರಣ ಸಮುದ್ರವಲ್ಲ, ಪಾನನಿರೋಧವಿಲ್ಲದಿರುವಿಕೆ. ಆ ಗದ್ದಲವನ್ನು ಬದಿಗಿಟ್ಟರೆ ದೀವ್ ಸೊಗಸಾದ ದ್ವೀಪ. 1535ರಿಂದ 1961ರ ಡಿಸೆಂಬರಿನವರೆಗೆ ಪೋರ್ತುಗೀಜರ ಕೈಯಲ್ಲಿತ್ತು. ಅವರ ಕೋಟೆ ಇಂದಿಗೂ ಕಡಲಿಗೆ ಎದೆಗೊಟ್ಟು ನಿಂತಿದೆ. ಗಂಗೇಶ್ವರದಲ್ಲಿ ಬಂಡೆಯ ಸಂದಿಯೊಳಗಿನ ಐದು ಲಿಂಗಗಳಿಗೆ ಭರತದ ಅಲೆಯೇ ಅಭಿಷೇಕ ಮಾಡುತ್ತದೆ. ನಾಗೋವಾ ಕಡಲತೀರ ಕುದುರೆಲಾಳದ ಆಕಾರದ್ದು. ಅದರ ಹಿಂದೆ ಕೊಂಬೆಯೊಡೆದ ಒಂದು ಜಾತಿಯ ತಾಳೆ, ಹೋಕಾ ಎನ್ನುತ್ತಾರೆ. ತಾಳೆ ಮರಕ್ಕೂ ಕೊಂಬೆಯೇ ಎಂದು ಕರಾವಳಿಯವರು ಬೆರಗಾಗಿ ನಿಲ್ಲುತ್ತಾರೆ. 2020ರಲ್ಲಿ ನೀಲಿ ಬಾವುಟದ ಗೌರವ ಪಡೆದ ನಮ್ಮ ದೇಶದ ಮೊದಲ ಎಂಟು ಕಡಲತೀರಗಳಲ್ಲಿ ದೀವ್ ಜಿಲ್ಲೆಯ ಘೋಘಲಾ ಒಂದು, ದ್ವಾರಕೆಯ ಬಳಿಯ ಶಿವರಾಜಪುರ ಒಂದು. ಅದೇ ಎಂಟರಲ್ಲಿ ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡುಗಳೂ ಇದ್ದವು. ತವರಿಗೆ ಎರಡು, ನೆಲೆಸಿದ ಕಡೆಗೆ ಎರಡು. ನಾವಂತೂ ಇದನ್ನು ಸಮನಾದ ಲೆಕ್ಕವೆಂದು ಬಗೆದಿದ್ದೇವೆ.

ಜಾಮನಗರದ ಕಡೆಗೆ ಹೋದರೆ ಕಚ್ಛದ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನ. 1982ರಲ್ಲಿ ಆದದ್ದು, ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿ ವಾಡಿನಾರದ ಬಳಿ ನರಾರಾ ಎಂಬಲ್ಲಿ, ಇಳಿತದ ಹೊತ್ತಿಗೆ ಸಮುದ್ರವೇ ಹಿಂದೆ ಸರಿದು ಹವಳದ ದಿಬ್ಬವನ್ನು ಬಿಟ್ಟುಕೊಡುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಗಟ್ಟಿ ಬೂಟು ಹಾಕಿಕೊಂಡು, ಮೊಣಕಾಲುದ್ದದ ನೀರಿನಲ್ಲಿ ನಡೆದು ಏಡಿ, ನಕ್ಷತ್ರಮೀನು, ಅದೃಷ್ಟವಿದ್ದರೆ ಅಷ್ಟಪದಿಯನ್ನೂ ನೋಡಬಹುದು. ಈಜು ಬಾರದ ಅಜ್ಜ ಅಜ್ಜಿಯರಿಗೂ ಸಾಧ್ಯವಾದ ಕಡಲ ದರ್ಶನ ಇದು. ಹವಳದ ಮೇಲೆ ಕಾಲಿಡದಂತೆ ನಡೆಯುವ ವ್ಯವಧಾನವಿರುವವರು ಮಾತ್ರ ಹೋಗಲಿ.

ಇನ್ನು ಬೇಟ್ ದ್ವಾರಕಾ. ಓಖಾದಿಂದ ದೋಣಿಯಲ್ಲಿ ಹೋಗಬೇಕಾಗಿದ್ದ ಈ ದ್ವೀಪಕ್ಕೆ 2024ರ ಫೆಬ್ರವರಿ 25ರಿಂದ ಸೇತುವೆಯಾಗಿದೆ. ಯಾತ್ರಿಕರಿಗೆ ಸುಖ, ದ್ವೀಪಕ್ಕೆ ದ್ವೀಪತನ ಹೋಯಿತು. ನಾವು ಓಖಾದ ಹೆಸರೆತ್ತಿದ್ದು ಬೇರೊಂದು ಕಾರಣಕ್ಕೆ. ಓಖಾದಿಂದ ಹೊರಟ ಎರ್ನಾಕುಲಂ ರೈಲು ಸೂರತ್ತನ್ನು ಹಾದು, ಕೊಂಕಣ ರೈಲುಮಾರ್ಗ ಹಿಡಿದು, ನಮ್ಮ ಕಾರವಾರ ಉಡುಪಿಗಳ ಕಡಲಂಚಿನಲ್ಲೇ ಓಡುತ್ತದೆ. ಒಂದೇ ಗಾಡಿಯ ಒಂದು ತುದಿಯಲ್ಲಿ ಬೇಟ್, ನಡುದಾರಿಯಲ್ಲಿ ಕುದ್ರು. 1998ರ ಜನವರಿಯಲ್ಲಿ ಆ ಮಾರ್ಗ ಪೂರ್ತಿಯಾಗುವ ಮುನ್ನ ಮುಂಬಯಿಯಲ್ಲಿ ಇಳಿದು ಹತ್ತಿ, ಬಸ್ಸಿನಲ್ಲಿ ಕುಲುಕಾಡಿ ಊರು ಸೇರುತ್ತಿದ್ದ ನಮ್ಮ ಹೋಟೆಲು ಬಾಂಧವರಿಗೆ ಅದರ ಬೆಲೆ ಗೊತ್ತು. ಅವರ ಮಕ್ಕಳು ಈಗ ಕಿಟಕಿಯ ಬಳಿ ಕುಳಿತು, ಶರಾವತಿಯ ಸೇತುವೆ ದಾಟುವಾಗಲೂ ಮೊಬೈಲಿನಲ್ಲಿ ಗ್ರೀಸ್ ದೇಶದ ಸಮುದ್ರವನ್ನು ನೋಡುತ್ತಿರುತ್ತಾರೆ!

ಊರಿಗೆ ಹೋದಾಗ ನಾವು ಮಾಡುವುದೇನು? ದೈವಕ್ಕೆ ಹರಕೆ, ದೇವರ ದರ್ಶನ, ಎರಡು ಮದುವೆ, ಒಂದು ಜಮೀನಿನ ತಕರಾರು. ಕಡಲು ಮನೆಯ ಹಿಂದೆಯೇ ಮೊರೆಯುತ್ತಿರುತ್ತದೆ. ಹೆಚ್ಚೆಂದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಊರವರ ಬಾಯಲ್ಲಿ ತೋನ್ಸೆಪಾರ್. ಅದೂ ಸಣ್ಣ ವಿಷಯವಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು, ಐದು ಆರು ಮೂಲೆಯ ಕಂಬಗಳಾಗಿ ನಿಂತಿರುವ ಜಾಗ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದನೆಂಬ ಪ್ರತೀತಿಯಿಂದ ಆ ಹೆಸರು. ನೋಡಲು ಚೆಂದ, ನೀರಿಗಿಳಿಯಲು ತಕ್ಕದ್ದಲ್ಲ, ಪಾಚಿಗಟ್ಟಿದ ಬಂಡೆಗಳು. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದಿದ್ದ ವಿದ್ಯಾರ್ಥಿಗಳು ಅಲ್ಲಿ ನೀರುಪಾಲಾದರು.

ಮುಳುಗಿ ನೋಡಬೇಕಾದ ದ್ವೀಪ ಇನ್ನೊಂದುಂಟು. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ಪಡುವಣಕ್ಕೆ ನೇತ್ರಾಣಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ; ಇಂಗ್ಲಿಷ್ ನಕ್ಷೆಗಳಲ್ಲಿ ಪಾರಿವಾಳದ ದ್ವೀಪ. ಬಿಳಿಹೊಟ್ಟೆಯ ಕಡಲಹದ್ದು ಅಲ್ಲಿಯ ಮರಗಳಲ್ಲಿ ಗೂಡು ಕಟ್ಟುತ್ತದೆ. ಹರಕೆ ಹೊತ್ತ ಮೀನುಗಾರರು ಬಿಟ್ಟ ಆಡುಗಳ ಸಂತತಿ ಬಂಡೆಗಳ ಮೇಲೆ ಓಡಾಡುತ್ತದೆ. ಒಂದು ಕಾಲದಲ್ಲಿ ನೌಕಾಪಡೆಯವರು ಇದನ್ನು ಗುಂಡಿನ ಗುರಿಯಾಗಿ ಬಳಸುತ್ತಿದ್ದರು. ಪರಿಸರದ ಪರ ನಿಂತವರು ಅದನ್ನು ಬಲವಾಗಿ ಆಕ್ಷೇಪಿಸಿದರು. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಚಿತ್ರ 2022ರಲ್ಲಿ ತೆರೆಗೆ ಬಂದಾಗ, ಅವರು ಇಲ್ಲಿಯ ನೀರಿಗಿಳಿದದ್ದನ್ನು ಕಂಡು ನೇತ್ರಾಣಿಯ ಹೆಸರನ್ನು ಮೊದಲ ಬಾರಿ ಕೇಳಿದ ಕನ್ನಡಿಗರೂ ಬಹಳ.

ಕಳೆದ ದೀಪಾವಳಿಯ ರಜದಲ್ಲಿ ನಾವು ನಾಲ್ಕು ಮನೆಯವರು ಕೂಡಿ ಅಲ್ಲಿಗೆ ಹೋಗಿದ್ದೆವು. ಬೆಳಗ್ಗೆ ಹೊರಟ ದೋಣಿ ಒಂದು ತಾಸಿಗೂ ಹೆಚ್ಚು ಹೊತ್ತು ಓಡಿತು. ಮೊದಲರ್ಧ ಹಾಡು, ಎರಡನೆಯ ಅರ್ಧ ಮೌನ. ಕಾರಣ ಹೇಳಬೇಕಾಗಿಲ್ಲ, ಹೊಟ್ಟೆ ತೊಳಸುವವರಿಗೆ ಹಾಡು ಬಾರದು. ಹಿಂದೆ ಮುರುಡೇಶ್ವರದ ಶಿವನ 123 ಅಡಿಯ ಮೂರ್ತಿ ಕಿರಿದಾಗುತ್ತ ಕಡೆಗೆ ಬೊಂಬೆಯಷ್ಟಾಯಿತು. ದ್ವೀಪದ ನೆಲದ ಮೇಲೆ ಯಾರನ್ನೂ ಇಳಿಸುವುದಿಲ್ಲ. ಬಂಡೆಯ ಮರೆಯಲ್ಲಿ ದೋಣಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಶಿಕ್ಷಕನಂತೆ ನೀರಿಗಿಳಿಸುತ್ತಾರೆ.

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವೆಂದು ನಮ್ಮವರಲ್ಲಿ ಹಲವರು ತಿಳಿದಿದ್ದರು. ಅಲ್ಲ, ನಾವು ನೀವು ಉಸಿರಾಡುವ ಗಾಳಿಯೇ, ಕಂಪ್ರೆಸರಿನಿಂದ ಒತ್ತಿ ತುಂಬಿದ್ದು. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ನೆಲದ ಮೇಲಿನದರ ಎರಡರಷ್ಟಾಗುತ್ತದೆ. ಕಿವಿ ನೋಯದಂತೆ ಮೂಗು ಹಿಡಿದು ಮೆಲ್ಲಗೆ ಊದುತ್ತ ಇಳಿಯಬೇಕು. ಎಲ್ಲಕ್ಕಿಂತ ಮುಖ್ಯ, ಉಸಿರನ್ನು ಎಂದೂ ಬಿಗಿಹಿಡಿಯಬಾರದು. ಮೇಲೇರುವಾಗ ಎದೆಯೊಳಗಿನ ಗಾಳಿ ಹಿಗ್ಗುವುದರಿಂದ ಶ್ವಾಸಕೋಶಕ್ಕೆ ಅಪಾಯ. ಹಾಗೆಯೇ ಸರ್ರನೆ ಮೇಲೇಳಬಾರದು. ಪಾಂಡೇಸರಾದ ಡೈಯಿಂಗ್ ಮಿಲ್ಲುಗಳಲ್ಲಿ ದುಡಿಯುವವರಿಗೆ ಇದನ್ನು ವಿವರಿಸುವುದು ಸುಲಭ. ಪಾಲಿಯೆಸ್ಟರಿಗೆ ಬಣ್ಣ ಹಾಕುವ ಜೆಟ್ ಯಂತ್ರದೊಳಗೆ ಶಾಖ 130 ಡಿಗ್ರಿ, ಒತ್ತಡ ಬೇರೆ. ಒತ್ತಡ ಪೂರ್ತಿ ಇಳಿಯದೆ ಮುಚ್ಚಳಕ್ಕೆ ಕೈಹಾಕುವವನು ಮಾಸ್ತರನಲ್ಲ, ಮೂರ್ಖ. ಗೃಹಿಣಿಯರಿಗೆ ಕುಕ್ಕರಿನ ಉದಾಹರಣೆಯೇ ಸಾಕು.

ನಮ್ಮ ಗುಂಪಿನಲ್ಲಿ ಬಿಜಾಪುರ ಕಡೆಯ ಹಿರಿಯ ಸೋದರಿಯೊಬ್ಬರಿದ್ದರು, ಐವತ್ತು ದಾಟಿದವರು. ಮಕ್ಕಳನ್ನು ಕಾಯಲೆಂದು ಬಂದವರು, ಮಕ್ಕಳೆಲ್ಲ ಇಳಿದು ಎದ್ದ ಮೇಲೆ ತಾವೂ ಎದ್ದು ನಿಂತರು. ಭಟ್ಕಳದ ಕಡೆಯ ಹುಡುಗ ಶಿಕ್ಷಕ, "ಅಮ್ಮಾ, ಹೆದರಬೇಡಿ, ನಿಮ್ಮ ಕೈ ನಾನು ಬಿಡೂದಿಲ್ಲ" ಎಂದ. "ನೀ ಬಿಟ್ರೂ ನಾ ಬಿಡಂಗಿಲ್ಲಪಾ" ಎಂದು ಇವರು ಇಳಿದೇಬಿಟ್ಟರು. ಹತ್ತು ನಿಮಿಷದ ಮೇಲೆ ಎದ್ದು ಬಂದವರು ಮೊದಲು ಆಡಿದ ಮಾತು ಮೀನಿನದಲ್ಲ. ಗುಡಿಯಲ್ಲಿ ಕಟ್ಟಿಸಿಕೊಂಡಿದ್ದ ಕೈಯ ಕೆಂಪು ದಾರವನ್ನು ತಿರುತಿರುಗಿಸಿ ನೋಡುತ್ತ, "ಒಳಗ ಇದರ ಬಣ್ಣ ಎಲ್ಲಿ ಹೋಗಿತ್ತು?" ಎಂದು ಕೇಳಿದರು. ಬಣ್ಣದ ಊರಿನವರ ಕಣ್ಣು! ನೀರು ಬೆಳಕಿನಲ್ಲಿರುವ ಕೆಂಪನ್ನು ಮೊದಲು ನುಂಗುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲೇ ಕೆಂಪು ಮಾಸಿ ಬೂದಾಗುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕಡೆಯವರೆಗೆ ಉಳಿಯುವುದು ನೀಲಿ.

ಮೀನುಗಳ ವಿಷಯ ಹೇಳದಿದ್ದರೆ ಹುಡುಗರು ಮುನಿದಾರು. ಹವಳವನ್ನು ಕೊಕ್ಕಿನಿಂದ ಕೆರೆಯುವ ಗಿಳಿಮೀನು, ಜೋಡಿಯಾಗಿ ಸುತ್ತುವ ಹಳದಿ ಚಿಟ್ಟೆಮೀನು, ಬಂಡೆಯ ಬಿಲದಿಂದ ಬಾಯಿ ತೆರೆದು ಇಣುಕುವ ಹಾವಿನಂಥ ಮೊರೆ ಮೀನು, ಇವನ್ನೆಲ್ಲ ನಾವು ಕಂಡೆವು. ಆಮೆಯನ್ನು ಎರಡನೆಯ ತಂಡದವರು ಕಂಡರಂತೆ. ನಾವು ಕಾಣಲಿಲ್ಲವೆಂದು ಅವರು ಮೂರು ದಿನ ಅದನ್ನೇ ಹೇಳಿದರು.

ಈಗ ತಾಯಿಯ ಭಯಕ್ಕೆ ಬರೋಣ. ಅದು ಸುಳ್ಳು ಭಯವಲ್ಲ. ಗ್ರೀಸ್ ದೇಶದ ಕಾಲಿಮ್ನೋಸ್ ಎಂಬ ಸಣ್ಣ ದ್ವೀಪದ ಗಂಡಸರು ತಲೆಮಾರುಗಳಿಂದ ಮುಳುಗಿ ಸ್ಪಂಜು ತಂದು ಬದುಕಿದವರು. ಬರಿಮೈಯಲ್ಲಿ ಒಂದೇ ಉಸಿರಿಗೆ ಇಳಿದು ಏಳುತ್ತಿದ್ದಷ್ಟು ಕಾಲ ಹೇಗೋ ನಡೆಯಿತು. 1860ರ ದಶಕದಲ್ಲಿ ಮೇಲಿನಿಂದ ಗಾಳಿ ಊದುವ ಮುಳುಗುಡುಪು ಬಂದಿತು. ಆಳಕ್ಕೆ ಇಳಿದು ಬಹಳ ಹೊತ್ತು ಇದ್ದು ಬೇಗನೆ ಎದ್ದು ಬಂದವರ ರಕ್ತದಲ್ಲಿ, ಕರಗಿದ್ದ ಸಾರಜನಕ, ಸೋಡಾ ಬಾಟಲಿಯ ಬಿರಡೆ ತೆಗೆದಾಗಿನಂತೆ ಗುಳ್ಳೆಗಟ್ಟಿತು. ಎಷ್ಟೋ ಮಂದಿ ಸತ್ತರು, ಎಷ್ಟೋ ಮಂದಿಯ ಕಾಲು ಬಿದ್ದುಹೋಯಿತು. ಕಾಲು ನಡುಗುವ ಮುಳುಗುಗಾರನನ್ನು ಅಭಿನಯಿಸುವ ಒಂದು ಕುಣಿತವೇ ಆ ದ್ವೀಪದಲ್ಲಿದೆ. ಇಂದಿನ ನಿಯಮಗಳೆಲ್ಲ ಅಂಥವರ ಪ್ರಾಣದ ಬೆಲೆಗೆ ಕಲಿತ ಪಾಠ. ಮೊದಲ ಸಲ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ. ಹತ್ತು ವರ್ಷದೊಳಗಿನವರನ್ನು, ಗರ್ಭಿಣಿಯರನ್ನು, ಹೃದಯದ ಕಾಯಿಲೆ ಉಬ್ಬಸ ಉಳ್ಳವರನ್ನು ಇಳಿಸುವುದಿಲ್ಲ. ನೆಗಡಿಯಾದವನೂ ಆ ದಿನ ದೋಣಿಯಲ್ಲೇ ಕೂರಬೇಕು. ಮುಳುಗಿದ ಮೇಲೆ ವಿಮಾನ ಹತ್ತಲು 18 ಗಂಟೆ ಬಿಡುವುದು ಕ್ಷೇಮ. ರೈಲಿನವರಿಗೆ ಆ ಯೋಚನೆಯಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಫಾರಮಿಗೆ ಸಹಿ ಹಾಕುವವರಿಗೆ ಮಾತ್ರ ಯಾವ ನಿಯಮವೂ ಆಗಿಬರದು.

ಇಷ್ಟು ಕಟ್ಟುಪಾಡಿನೊಳಗೆ, ಕೈಹಿಡಿದ ಶಿಕ್ಷಕನೊಡನೆ, ಎಂಟು ಹತ್ತು ಮೀಟರು ಇಳಿಯುವ ಹುಡುಗನ ಬಗ್ಗೆ ನಮಗೆ ಅಷ್ಟಾಗಿ ಭಯವಿಲ್ಲ. ನಮಗೆ ಭಯವಿರುವುದು ಮೊಣಕಾಲುದ್ದದ ನೀರಿನ ಬಗ್ಗೆ. 2024ರ ಡಿಸೆಂಬರಿನಲ್ಲಿ, ಅದೇ ಮುರುಡೇಶ್ವರದ ತೀರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಕಡಲಪಾಲಾದರು. ಅವರು ಯಾವ ಆಳಕ್ಕೂ ಇಳಿದವರಲ್ಲ. ಮೊದಲ ಬಾರಿಗೆ ಸಮುದ್ರ ಕಂಡ ಸಂತೋಷದಲ್ಲಿ ದಡದ ನೀರಿಗೆ ಇಳಿದ ಮಕ್ಕಳು. ಒಳನಾಡಿನಲ್ಲಿ ಬೆಳೆದ ಮಕ್ಕಳಿಗೆ ಸಮುದ್ರದ ಸೆಳವು ಗೊತ್ತಿರುವುದಿಲ್ಲ. ಗುಜರಾತಿನ ಮಿಲ್ಲಿನ ಬೀದಿಯಲ್ಲಿ ಬೆಳೆದ ನಮ್ಮ ಮಕ್ಕಳೂ ಆ ಲೆಕ್ಕಕ್ಕೇ ಸೇರಿದವರು. ಅಪ್ಪ ಮಲ್ಪೆಯವನಾದ ಮಾತ್ರಕ್ಕೆ ಮಗನಿಗೆ ಈಜು ಬಂದೀತೆ? ಅಲೆಗಳ ನಡುವೆ ಒಂದು ಕಡೆ ನೀರು ಶಾಂತವಾಗಿ, ಬಣ್ಣ ಕೊಂಚ ಕದಡಿದಂತೆ ಕಂಡರೆ, ಅದೇ ಹೆಚ್ಚಾಗಿ ನೀರು ಹಿಂದಕ್ಕೆ ಹೋಗುವ ಸೆಳವಿನ ದಾರಿ; ನೋಡುವವರಿಗೆ ಅದೇ ಸುರಕ್ಷಿತವೆಂದು ತೋರುವುದು ದುರ್ದೈವ. ಅದರಲ್ಲಿ ಸಿಕ್ಕವರು ದಡದ ಕಡೆಗೆ ಹೋರಾಡಿ ಸೋಲಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವಿನಿಂದ ಹೊರಬಿದ್ದ ಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವರು ಕಾಪಿನವರಿಲ್ಲದ ತೀರದಲ್ಲಿ ನೀರಿಗೆ ಇಳಿಯಲೇಬಾರದು.

ಆದ್ದರಿಂದ ಆ ಸೋದರಿಗೆ ನಮ್ಮ ಉತ್ತರ: ಮಗನನ್ನು ಸಮುದ್ರದಿಂದ ದೂರವಿಟ್ಟರೆ ಅವನು ಸಮುದ್ರಕ್ಕೆ ಹೋಗದೆ ಇರುವುದಿಲ್ಲ, ಏನೂ ಕಲಿಯದೆ, ಗೆಳೆಯರೊಡನೆ, ನಿಮಗೆ ಹೇಳದೆ ಹೋಗುತ್ತಾನೆ. ಸೂರತ್ ಮಹಾನಗರಪಾಲಿಕೆಯ ಈಜುಕೊಳಗಳಿವೆ. ಅಲ್ಲಿ ಅವನನ್ನು ಸೇರಿಸಿ. ಅವನ ತಂಗಿಯನ್ನೂ ಸೇರಿಸಿ. ಹೆಣ್ಣುಮಕ್ಕಳಿಗೆ ಹಾಡು, ಹಸೆ, ಭರತನಾಟ್ಯ ಎಲ್ಲ ಕಲಿಸಲು ಸಂಘದಲ್ಲಿ ನಮ್ಮ ತಾಯಂದಿರು ಎಷ್ಟು ಶ್ರಮಪಡುತ್ತಾರೆಂಬುದನ್ನು ನಾವು ಬಲ್ಲೆವು. ಈಜು ಎಂದ ಕೂಡಲೆ ಮಾತ್ರ ಉಡುಪಿನ ಪ್ರಶ್ನೆ, ಮೈಬಣ್ಣ ಕಪ್ಪಾಗುವ ಪ್ರಶ್ನೆ, ಕೂದಲಿನ ಪ್ರಶ್ನೆ ಏಳುತ್ತವೆ. ಸೆಳವು ಯಾರ ಮೈಬಣ್ಣವನ್ನೂ ಕೇಳುವುದಿಲ್ಲ. ಹೆಂಗಸರಿಗೆಂದೇ ಬೇರೆ ವೇಳೆ ಗೊತ್ತುಮಾಡಿರುವ ಕೊಳಗಳೂ ಉಂಟು, ವಿಚಾರಿಸಿದರೆ ತಿಳಿಯುತ್ತದೆ. ತಾಯಿಯೇ ಜೊತೆಗೆ ಹೋಗಿ ಕಲಿತರೆ ಇನ್ನೂ ಒಳ್ಳೆಯದು.

ಯಾವಾಗ ಹೋಗಬೇಕು? ನಮ್ಮ ವಾಡಿಕೆ ಮೇ ತಿಂಗಳು, ಶಾಲೆಯ ರಜೆ. ಕಡಲ ದೃಷ್ಟಿಯಿಂದ ಅದು ಒಳ್ಳೆಯ ಕಾಲವಲ್ಲ. ತಿಂಗಳ ಕೊನೆಗೆ ಮಳೆಗಾಳಿಯ ಸೂಚನೆ, ಅಲೆ ಜೋರು. ಜೂನಿನಿಂದ ಸೆಪ್ಟೆಂಬರಿನವರೆಗೆ ದ್ವೀಪಕ್ಕೆ ದೋಣಿಯೇ ಇಲ್ಲ. ಗುಜರಾತಿನಲ್ಲಿ ನೆಲೆಸಿದ ನಮಗೆ ಮಾತ್ರ ಒಂದು ಭಾಗ್ಯವಿದೆ, ಬೆಂಗಳೂರಿನವರಿಗೆ ಇಲ್ಲದ್ದು: ದೀಪಾವಳಿಗೆ ಇಲ್ಲಿಯ ಶಾಲೆಗಳಿಗೆ ಮೂರು ವಾರದ ರಜೆ, ಮಾರುಕಟ್ಟೆಯಂತೂ ಲಾಭ ಪಂಚಮಿಯವರೆಗೆ ಬಾಗಿಲು ಹಾಕಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಊರಿನ ಕಡಲು ತಿಳಿಯಾಗತೊಡಗುತ್ತದೆ. ಇನ್ನೂ ಸ್ವಚ್ಛ ನೀರು ಬೇಕೆಂದರೆ ಡಿಸೆಂಬರ್ ಜನವರಿ. ಮುಳುಗಿಸುವ ಸಂಸ್ಥೆಗೆ ಸರಕಾರದ ಅನುಮತಿ ಇದೆಯೇ ಎಂದು ಮೊದಲೇ ಕೇಳಿ. ಅಗ್ಗದ ದರಕ್ಕೆ ಮರುಳಾಗಬೇಡಿ. ಒಬ್ಬರಿಗೆ ಕೆಲವು ಸಾವಿರ ರೂಪಾಯಿ ಖರ್ಚು ಬೀಳುತ್ತದೆ. ಮಾಲ್ಟಾದ ವೀಸಾ, ವಿಮಾನಗಳ ಮುಂದೆ ಅದೇನು ಲೆಕ್ಕ.

ಊಟದ ವಿಷಯ ಬಾಕಿಯಿದೆ. ಹುಡುಗನ ಮೂರನೆಯ ಬೇಡಿಕೆ. ಮುಳುಗುವ ಮುನ್ನ ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಬನ್ಸು ಗೋಳಿಬಜೆಗಳನ್ನು ಕಂಡು ಮನಸ್ಸು ಚಂಚಲವಾದವರು ದೋಣಿಯಲ್ಲಿ ಪಶ್ಚಾತ್ತಾಪಪಡುತ್ತಾರೆ. ಎದ್ದು ಬಂದ ಮೇಲೆ ಹತ್ತುವ ಹಸಿವಾದರೋ ಬೇರೆಯೇ ಜಾತಿಯದು. ಕರ್ನಾಟಕದ ಕಡಲಲ್ಲಿ ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡಿ ಬೆಳೆಯಲೆಂದು. ಆಗಸ್ಟಿನಿಂದ ದೋಣಿಗಳು ಹೊರಡುತ್ತವೆ, ದೀಪಾವಳಿಯ ಹೊತ್ತಿಗೆ ಬಂಗುಡೆಯ ಸುಗ್ಗಿ. ಮೇ ತಿಂಗಳಲ್ಲಿ ಊರಿಗೆ ಹೋಗಿ ಐಸಿನ ಮೀನು ತಿಂದು, "ಹಿಂದಿನ ರುಚಿ ಈಗಿಲ್ಲ" ಎಂದು ಗೊಣಗುವ ನಮ್ಮ ಹಿರಿಯರು ಒಮ್ಮೆ ಕಾರ್ತಿಕದಲ್ಲಿ ಹೋಗಿ ನೋಡಬೇಕು. ಬಂಗುಡೆ ಪುಳಿಮುಂಚಿಗೆ ನೀರುದೋಸೆ, ಅಥವಾ ಕುಚ್ಚಲಕ್ಕಿಯ ಬಿಸಿ ಅನ್ನ. ರವೆಯಲ್ಲಿ ಹುರಿದ ಕಾಣೆ. ತೆಂಗಿನತುರಿ ಹಾಕಿದ ಮರುವಾಯಿ ಸುಕ್ಕ. ಚಿಪ್ಪಿನಿಂದ ಮಾಂಸ ಬಿಡಿಸುವ ಕೆಲಸ ಮಕ್ಕಳಿಗೆ ಆಟ. ಭಟ್ಕಳಕ್ಕೆ ಇಳಿದವರು ಅಲ್ಲಿಯ ನವಾಯತರ ಬಿರಿಯಾನಿಯ ರುಚಿ ನೋಡದೆ ಬರಬಾರದು. ಶಾಕಾಹಾರಿಗಳು ಮುಖ ಚಿಕ್ಕದು ಮಾಡಬೇಕಾಗಿಲ್ಲ: ಪತ್ರೊಡೆ, ಕೊಟ್ಟೆ ಕಡುಬು, ಸೌತೆಕಾಯಿ ಹುಳಿ, ಎಳೆ ಹಲಸಿನ ಉಪ್ಪಿನಕಾಯಿ ಅವರಿಗೆಂದೇ ಕಾದಿವೆ. ನೇತ್ರಾಣಿಯಿಂದ ಬಂದ ದಿನ ನಾವು ಕುಳಿತ ಪಂಕ್ತಿಯಲ್ಲಿ ಎರಡೂ ಬಗೆಯವರಿದ್ದೆವು. ಅನ್ನದ ಪಾತ್ರೆ ಮೂರು ಸಲ ಬರಿದಾಯಿತು.

ಒಂದು ಮಾತನ್ನು ಮಾತ್ರ ಹುಡುಗರಿಗೇ ಹೇಳಬೇಕು. ಹವಳ ಕಲ್ಲಲ್ಲ, ಲಕ್ಷಾಂತರ ಸಣ್ಣ ಜೀವಿಗಳ ಮನೆ. ಬಹುತೇಕ ವರ್ಷಕ್ಕೆ ಕೆಲವೇ ಸೆಂಟಿಮೀಟರು ಬೆಳೆಯುತ್ತದೆ. ನೀರು ಅತಿಯಾಗಿ ಬಿಸಿಯಾದರೆ ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಹಾಗಾಯಿತು. ಅಂಥದ್ದರ ಮೇಲೆ ನಿಮ್ಮ ರಬ್ಬರಿನ ಕಾಲು ತಗುಲಿದರೆ ಹತ್ತು ವರ್ಷದ ಬೆಳೆ ಮುರಿದಂತೆ. ಹವಳದ ಸತ್ತ ತುಂಡನ್ನು ಜೇಬಿಗೆ ಹಾಕಿಕೊಂಡು ಬಂದರೂ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಮೀನಿಗೆ ಬಿಸ್ಕತ್ತು ಎಸೆಯಬೇಡಿ. ನಮ್ಮ ದೋಣಿಯಲ್ಲಿ ಒಬ್ಬ ಚಿಕ್ಕವನು ಹಾಗೆ ಎಸೆಯಹೋದಾಗ, ದೋಣಿ ನಡೆಸುವ ಮುದುಕರು ಗದರಲಿಲ್ಲ. "ಮಗಾ, ಅದಕ್ಕೆ ಅದರದ್ದೇ ಊಟ ಉಂಟು, ನಿಂದು ನೀ ತಿನ್ನು" ಎಂದರು. ಅವನು ಅಲ್ಲೇ ಕುಳಿತು ಪೊಟ್ಟಣವನ್ನೆಲ್ಲ ತಾನೇ ಮುಗಿಸಿದ.

ರೈಲಿನ ವಿಷಯ: 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ದೀಪಾವಳಿಯ ಹೊತ್ತಿಗೆ ಸೂರತ್ತಿನಿಂದ ಹೊರಡುವ ಜನಸಂದಣಿಯನ್ನು ಬಲ್ಲವರು ಪಂಚಾಂಗ ನೋಡಿ, 60 ದಿನ ಹಿಂದಕ್ಕೆ ಎಣಿಸಿ, ಆ ಬೆಳಗ್ಗೆ ಎಂಟು ಗಂಟೆಗೆ ಸಿದ್ಧವಾಗಿರತಕ್ಕದ್ದು. ರಜೆಯ ದಿನಗಳಲ್ಲಿ ಉಧನಾದಿಂದಲೇ ಮಂಗಳೂರಿಗೆ ವಿಶೇಷ ಗಾಡಿ ಬಿಟ್ಟದ್ದೂ ಉಂಟು. ಪಾಂಡೇಸರಾದವರಿಗೆ ಅದು ಮನೆಯಂಗಳದ ಸವಾರಿ. ಮುರುಡೇಶ್ವರದಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಭಟ್ಕಳದಲ್ಲಿ ಇಳಿದರೆ ರಸ್ತೆಯಲ್ಲಿ ಅರ್ಧ ತಾಸಿನ ದಾರಿ. ಈಜು ಕಲಿಯಲು ಮೂರು ತಿಂಗಳಾದರೂ ಬೇಕು; ಈ ಸಂಚಿಕೆ ಕೈಸೇರಿದ ವಾರವೇ ಕೊಳದ ಫಾರಮು ತರುವುದು ಒಳ್ಳೆಯದು.